ನೆನೆದ ಪರದೆಗಳನ್ನು ಮತ್ತೆ ಕಟ್ಟಿಕೊಟ್ಟವರಿಗೆ

ನಮ್ಮ ತಂಡದ ಸಂಗೀತ ನಾಟಕಗಳ ಈ ಸಾಲಿನ ತಿರುಗಾಟ, ದೀಪಾವಳಿ ಕಳೆದು ಹಾಸನಾಂಬೆಯ ಗರ್ಭಗುಡಿಯ ಬಾಗಿಲು ಹಾಕಿದ ಮೇಲೆ ಶುರುವಾಗಲಿದೆ. ಹಿಂದಿನ ಮಳೆಗಾಲದಲ್ಲಿ ಸಾಮಾನಿಟ್ಟ ಕೊಠಡಿಯ ಹೆಂಚು ಸರಿದು ದೃಶ್ಯ ಬರೆದ ಪರದೆ, ಹಾರ್ಮೋನಿಯಂ, ತಬಲ ಎಲ್ಲವೂ ನೆನೆದಿದ್ದವು. ಆ ಸಾಲಿನ ಪ್ರದರ್ಶನಗಳನ್ನೇ ಕೈಬಿಡಬೇಕಾಯಿತು. ಇವತ್ತು ಎಲ್ಲವೂ ಸಿದ್ಧವಾಗಿದೆ ಎಂದರೆ ಅದು ಕೆಲವರ ಕೈಚಳಕ ಮತ್ತು ತಾಳ್ಮೆಯ ಫಲ. ‘ಸಹಕರಿಸಿದ ಸರ್ವರಿಗೂ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅವರು ಮಾಡಿದ್ದೇನೆಂದು ಯಾರಿಗೂ ತಿಳಿಯುವುದಿಲ್ಲ. ಊರೂರಲ್ಲಿ ಪೌರಾಣಿಕ ನಾಟಕ ಕಟ್ಟುವ ತಂಡಗಳಿಗೂ ಉಪಯೋಗಕ್ಕೆ ಬರಲೆಂದು ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ, ಪರದೆ ಒಣಗಿಸಲು ಜಾಗ ಕೊಟ್ಟ ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರಿಗೆ. ಹಾಸನದಲ್ಲಿ ಜಡಿಮಳೆ ಹಿಡಿದಾಗ ಒಳಗೆ ಹರವಿದ ಬಟ್ಟೆಯೂ ಆರುವುದಿಲ್ಲ. ಸಕಲೇಶಪುರದ ಮಾತಂತೂ ಹೇಳುವುದೇ ಬೇಡ. ಅರಸೀಕೆರೆ ಬಯಲುಸೀಮೆ, ಅಲ್ಲಿ ಗಾಳಿ ಒಣ. ಕೊಬ್ಬರಿ ಇಡುವ ಗೋದಾಮಿಗೆ ಮೊದಲೇ ಗಾಳಿ ಆಡುವಂತೆ ಕಿಂಡಿ ಬಿಟ್ಟಿರುತ್ತಾರೆ. 24 ಅಡಿ ಅಗಲದ ಪರದೆಯನ್ನು ಮಡಿಸದೆ ನೇತುಹಾಕಲು ಅಷ್ಟು ಉದ್ದದ ಜಾಗವೂ ಅಲ್ಲೇ ಸಿಕ್ಕಿತು. ನೆನೆದ ಪರದೆಯನ್ನು ಬಿಸಿಲಿಗೆ ಹಾಕಬಾರದು. ಬಟ್ಟೆ ಒಂದು ಕಡೆ ಬೇಗ ಕುಗ್ಗಿ ಬಣ್ಣದ ಪದರ ಸಿಡಿದು ಉದುರುತ್ತದೆ. ನೆರಳಲ್ಲೇ, ಗಳಕ್ಕೆ ಕಟ್ಟಿ, ಕೆಳಗಿನ ಅಂಚಿಗೆ ಇನ್ನೊಂದು ಗಳದ ಭಾರ ಕೊಟ್ಟು ಬಿಡಬೇಕು. ಬೂಷ್ಟು ಬಂದ ಕಡೆ ಪೂರ್ತಿ ಒಣಗಿದ ಮೇಲೆ, ಬಯಲಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಉದುರಿಸಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರಮನೆಯ ಕಂಬವೂ ಬೂಷ್ಟಿನ ಜೊತೆಗೇ ಬಂದುಬಿಡುತ್ತದೆ.

ಏಕೆಂದರೆ ಹಳೆಯ ಸೀನರಿಯ ಬಣ್ಣ ಮರವಜ್ರದ್ದು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟಿನಲ್ಲಿ ಕಲಸಿದ್ದು. ವಜ್ರ ನೀರಿನಲ್ಲಿ ಕರಗುತ್ತದೆ, ಬೂಷ್ಟಿಗೆ ಒಳ್ಳೆಯ ಆಹಾರವೂ ಹೌದು. ದರ್ಬಾರು ಮತ್ತು ಕಾಡಿನ ಪರದೆಗಳನ್ನು ಮತ್ತೆ ಬರೆದುಕೊಟ್ಟ ಹಿರಿಯ ಕಲಾವಿದರು ಈ ಹದವನ್ನು ನಮ್ಮ ಹುಡುಗರಿಗೆ ಕೈಹಿಡಿದು ಕಲಿಸಿದರು. ವಜ್ರದ ಚೂರುಗಳನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ನೇರ ಉರಿಗಿಟ್ಟು ಕುದಿಸಿದರೆ ಅಂಟಿನ ಕಸುವು ಹೋಗುತ್ತದೆ. ತೂಕದಲ್ಲಿ ವಜ್ರ 1 ಪಾಲು, ನೀರು ಸುಮಾರು 10 ಪಾಲು. ಅಂಟು ಹೆಚ್ಚಾದರೆ ಬಣ್ಣ ಬಿರುಕು ಬಿಡುತ್ತದೆ, ಕಡಿಮೆಯಾದರೆ ನಟರ ಉಡುಪಿಗೆಲ್ಲ ಪುಡಿ ಮೆತ್ತುತ್ತದೆ. ಹಸಿಯಲ್ಲಿ ಕಂಡ ಬಣ್ಣ ಒಣಗಿದಾಗ ತಿಳಿಯಾಗುವುದರಿಂದ ಒಂದು ತುಂಡು ಬಟ್ಟೆಗೆ ಹಚ್ಚಿ, ಒಣಗಿಸಿ ನೋಡಿಯೇ ಮುಂದುವರಿಯುತ್ತಿದ್ದರು. ಈಗ ಪರದೆಗಳನ್ನು ಮಡಿಸಿಡುವ ಅಭ್ಯಾಸವನ್ನೇ ಬಿಟ್ಟಿದ್ದೇವೆ. ಬಣ್ಣದ ಮೈ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಿ, ನೆಲಕ್ಕೆ ತಾಗದ ಹಾಗೆ ಇಡುತ್ತೇವೆ.

ಕಾಲಿನಿಂದ ತಿದಿ ಒತ್ತಿ ನುಡಿಸುವ ಕಾಲು ಹಾರ್ಮೋನಿಯಂ ಉಳಿಸಿಕೊಟ್ಟವರು ಹೊಳೆನರಸೀಪುರದ ಕಡೆಯ ಹಾರ್ಮೋನಿಯಂ ಮೇಷ್ಟ್ರು. ಮರ ಊದಿಕೊಂಡು ಮನೆಗಳು (ಬೆರಳಲ್ಲಿ ಒತ್ತುವ ಪಟ್ಟಿಗಳು) ಒಳಗೇ ಕಚ್ಚಿಕೊಂಡಿದ್ದವು, ಎರಡು ಸ್ವರ ಒತ್ತದೆಯೇ ಸುಯ್ಯೆನ್ನುತ್ತಿದ್ದವು. ಉಕ್ಕಿನ ಸ್ಪ್ರಿಂಗುಗಳಿಗೆ ತುಕ್ಕು, ಹಿತ್ತಾಳೆಯ ರೀಡುಗಳಿಗೆ ಕಿಲುಬು. ಸ್ಪ್ರಿಂಗುಗಳನ್ನು ಬದಲಿಸಿದರು. ರೀಡಿನ ವಿಷಯದಲ್ಲಿ ಮಾತ್ರ ಯಾರಿಗೂ ಕೈಹಾಕಲು ಬಿಡಲಿಲ್ಲ. ಹಿತ್ತಾಳೆಯಲ್ಲವೇ ಎಂದು ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹುಳಿ ಲೋಹವನ್ನು ತಿಂದು ಸ್ವರವೇ ಬೇರೆಯಾಗುತ್ತದೆ. ಒಣ ಬ್ರಷ್ಷಿನಲ್ಲಿ ಬಿಡಿಸಿ, ಆಮೇಲೆ ಒಂದೊಂದಾಗಿ ಶ್ರುತಿ ನೋಡಿದರು. ರೀಡಿನ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮತ್ತೆ ಬರುವುದಿಲ್ಲವಾದ್ದರಿಂದ ಒಂದೆರಡು ಎಳೆ ಕೆರೆದು, ನುಡಿಸಿ, ಕೇಳಿ, ಮತ್ತೆ ಕೆರೆಯುವ ಕೆಲಸ ಅದು. ಕೊನೆಗೆ ತಿದಿಗೆ ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಟ್ಟು ನೋಡಬೇಕು. ತಿದಿ ಬೇಗ ಕುಸಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೂಲೆಯ ಚರ್ಮ ಹೊಸದಾಗಿ ಅಂಟಿಸಿದ ಮೇಲೆ ನಮ್ಮದು ಕುಸಿಯಲಿಲ್ಲ.

ಹಾಡುಗಳನ್ನು ಹೊಸದಾಗಿ ಹೊಂದಿಸಿಕೊಟ್ಟ ಸಂಗೀತ ಶಿಕ್ಷಕಿಯವರ ಋಣ ದೊಡ್ಡದು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ಏರು ಶ್ರುತಿಯಲ್ಲೇ ಹಾಡುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ಕಾಲದಿಂದ ಹಳ್ಳಿಯ ಮೇಷ್ಟ್ರುಗಳವರೆಗೆ ಹರಿದುಬಂದ ಮಟ್ಟುಗಳಲ್ಲಿ ಆ ಏರು ಇನ್ನೂ ಉಳಿದಿದೆ. ಈಗಿನ ನಟರಿಗೆ ಅದನ್ನು ಹಾಗೇ ಹೊರಿಸಿದರೆ ಎರಡನೇ ಅಂಕದ ಹೊತ್ತಿಗೆ ಗಂಟಲು ಕಟ್ಟುತ್ತದೆ. ನಮ್ಮಲ್ಲಿ ಗಂಡು ಪಾತ್ರದವರ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಹೆಣ್ಣು ಪಾತ್ರದವರದು ಕಪ್ಪು ನಾಲ್ಕು. ಗಂಡಿನ ಪಂಚಮವೇ ಹೆಣ್ಣಿನ ಷಡ್ಜ, ಅಂದರೆ ಆಧಾರ ಸ್ವರ. ಯುಗಳಗೀತೆಯನ್ನು ಒಬ್ಬರ ಶ್ರುತಿಗೆ ಇಟ್ಟರೆ ಇನ್ನೊಬ್ಬರು ಕಿರುಚಬೇಕು, ಇಲ್ಲವೇ ಗೊಣಗಬೇಕು. ಶಿಕ್ಷಕಿಯವರು ಕಪ್ಪು ಮೂರನ್ನು ಷಡ್ಜ ಮಾಡಿ, ಗಂಡಿನ ಸಾಲುಗಳನ್ನು ಮಂದ್ರ (ಕೆಳಸ್ಥಾಯಿಯ) ಪಂಚಮದಿಂದ ಮಧ್ಯ ಪಂಚಮದೊಳಗೆ, ಹೆಣ್ಣಿನ ಸಾಲುಗಳನ್ನು ಮಧ್ಯ ಷಡ್ಜದಿಂದ ತಾರ (ಮೇಲುಸ್ಥಾಯಿಯ) ಗಾಂಧಾರದವರೆಗೆ ಹರಡಿದರು. ರಾಗ ಅದೇ, ತಾಳ ಅದೇ. ಇಬ್ಬರ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ರಂಗಗೀತೆಯಲ್ಲಿ ಸಾಹಿತ್ಯ ಕೇಳಿಸದಿದ್ದರೆ ಕಥೆ ನಿಂತುಹೋಗುತ್ತದೆ ಎಂಬುದು ನಮ್ಮ ದೃಢ ನಂಬಿಕೆ.

ಶ್ರುತಿ ಬದಲಾದರೆ ತಬಲವೂ ಬದಲಾಗಬೇಕು. ಒಂದನ್ನೇ ಸುತ್ತಿಗೆಯಿಂದ ಬಡಿದು ಎಳೆದರೆ ಚರ್ಮ ಹರಿಯುತ್ತದೆ. ಅದಕ್ಕೆಂದೇ ಇನ್ನೆರಡು ತಬಲಗಳನ್ನು ಕೊಟ್ಟ ಚಿಕ್ಕಮಗಳೂರಿನ ಗೆಳೆಯರಿಗೆ ವಂದನೆಗಳು. ಥಂಡಿಗೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ದೀಪದ ಬಿಸಿಗೆ ಒಣಗಿ ಏರುತ್ತದೆ, ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ಮಧ್ಯಂತರದಲ್ಲಿ ಮತ್ತೊಮ್ಮೆ ಹೊಂದಿಸದೆ ಮುಂದಿನ ಅಂಕ ಶುರುಮಾಡುವುದಿಲ್ಲ.

ಧ್ವನಿವರ್ಧಕದ ತಮ್ಮಂದಿರು ಎದೆಯ ಮೇಲಿನ ಕಾಲರ್ ಮೈಕನ್ನು ತೆಗೆಸಿ ಕಿರೀಟದ ಅಂಚಿಗೆ, ಹಣೆಯ ಮೇಲೆ ಕಟ್ಟಿಸಿದ್ದಾರೆ. ಪದಕ, ಭುಜಕೀರ್ತಿ ತಾಗಿದಾಗಲೆಲ್ಲ ಕರಕರ ಎನ್ನುತ್ತಿದ್ದುದು ನಿಂತಿದೆ. ಬೆವರು ಇಳಿಯದಂತೆ ತೆಳು ಪ್ಲಾಸ್ಟಿಕ್ ಸುತ್ತಿ, ಬಾಯಿಯ ತುದಿ ಮಾತ್ರ ಬಿಡಿಸಿದ್ದಾರೆ. ಜರಿ ಉಡುಪುಗಳನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟ ತಾಯಂದಿರಿಗೂ ಕೈಮುಗಿಯುತ್ತೇವೆ.

ಈ ಸಾಲಿನಲ್ಲಿ ಮೂರು ನಾಟಕಗಳಿವೆ. ಒಂದು ಕಂಪನಿ ಶೈಲಿಯ ಪೌರಾಣಿಕ, ಒಂದು ಬಯಲಾಟದ ಬಗೆಯಾದ ಮೂಡಲಪಾಯದ ಕುಣಿತ ಮತ್ತು ಊದುವ ವಾದ್ಯವಾದ ಮುಖವೀಣೆ ಇಟ್ಟುಕೊಂಡು ಕಟ್ಟಿದ ಜನಪದ ಕಥೆ, ಇನ್ನೊಂದು ಮಕ್ಕಳ ನಾಟಕ. ಮೊದಲ ಪ್ರದರ್ಶನ ಹಾಸನಾಂಬ ಕಲಾಕ್ಷೇತ್ರದಲ್ಲಿ. ರಾಗಿ ಒಕ್ಕಣೆ ಮುಗಿಯುವವರೆಗೆ ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಹೋಗುವುದಿಲ್ಲ. ಕಾಫಿ ಕೊಯ್ಲು ಮುಗಿದು ಜನಕ್ಕೂ ಗಾಡಿಗಳಿಗೂ ಬಿಡುವಾದ ಮೇಲೆ ಬೇಲೂರು, ಸಕಲೇಶಪುರ, ಮೂಡಿಗೆರೆ, ಕೊನೆಗೆ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ. ಬಯಲಲ್ಲಿ ಆಡುವ ಊರುಗಳಲ್ಲಿ ರಂಗದ ಮೇಲೆ ಚಪ್ಪರ ಕಡ್ಡಾಯವಾಗಿ ಬೇಕು. ಇಬ್ಬನಿಗೆ ಈ ಪರದೆಗಳನ್ನು ಮತ್ತೆ ಒಡ್ಡಲಾರೆವು. ಕರೆಸುವವರು ದಯವಿಟ್ಟು ಮೊದಲೇ ಏರ್ಪಾಡು ಮಾಡಿ.

ಕೈಬಿಟ್ಟ ಪ್ರದರ್ಶನಗಳ ಟಿಕೆಟ್ ಹಣವನ್ನು ವಾಪಸ್ ಕೇಳದೆ ‘ಆಡಿದಾಗ ನೋಡ್ತೀವಿ ಬಿಡಿ’ ಎಂದು ಕಾದವರು ಬಹಳ ಮಂದಿ. ಮರವಜ್ರ, ಚರ್ಮ, ಸ್ಪ್ರಿಂಗು ಎಲ್ಲವನ್ನೂ ಕೊಂಡದ್ದು ಆ ಹಣದಲ್ಲೇ. ಹಳೆಯ ಟಿಕೆಟ್ ಇದ್ದರೆ ತನ್ನಿ, ಕಳೆದುಹೋಗಿದ್ದರೆ ಬಾಗಿಲಲ್ಲಿ ಹೆಸರು ಹೇಳಿ, ಪಟ್ಟಿ ನಮ್ಮಲ್ಲಿದೆ. ರಂಗದ ಎದುರಿನ ಮೊದಲ ಎರಡು ಸಾಲಿನ ಆಸನ ನಿಮಗೇ ಮೀಸಲು. ನಾಂದಿ ಸಂಜೆ 6.30ಕ್ಕೆ ಸರಿಯಾಗಿ ಶುರುವಾಗುತ್ತದೆ.