50 ಹರ್ಟ್ಸ್ ಊರಿಂದ 60 ಹರ್ಟ್ಸ್ ಊರಿಗೆ

ಮಗಾ ಗುಂಡ,

ನಿನ್ನ ಮೆಸೇಜಿಗೆ ವಾಟ್ಸಾಪಲ್ಲೇ ಉತ್ತರ ಕೊಡೋಣ ಅಂತ ಕೂತೆ, ಉದ್ದ ಆಗಿಹೋಯ್ತು. ಅದಕ್ಕೇ ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕ್ತಿದ್ದೀನಿ. ನಿನ್ನ ಮರ್ಯಾದೆ ತೆಗೆಯೋ ವಿಷಯ ಏನೂ ಇಲ್ಲ. ಜಿ ಶಾರ್ಪ್ ಮದುವೆ ವಿಚಾರಕ್ಕಂತೂ ನಾನು ಬಾಯೇ ಬಿಡಲ್ಲ.

ಮೊದಲು ನಿನ್ನ ಬೇಸ್ ಗಿಟಾರ್. ಡೆಟ್ರಾಯಿಟ್ ಸೇರಿದವನು, ಆ ಊರಿನ ಮೋಟೌನ್ ರೆಕಾರ್ಡ್ ಕಂಪನಿಯ ಬೇಸಿಸ್ಟ್ ಜೇಮರ್ಸನ್ ಹೆಸರಿನ ತಂತಿ ಸೆಟ್ ಹಾಕದೆ ಬಿಡ್ತಾನಾ? ಹಾಕಿದ್ದೀಯ: ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೌಂಡ್ (ಮೈ ನುಣುಪಾದ ತಂತಿ), ದಪ್ಪ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ 52ರಿಂದ 110. ಈಗ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಎದ್ದು ನಿಂತಿದೆ, ಒಂದು-ಎರಡನೇ ಫ್ರೆಟ್‌ನಲ್ಲಿ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಯಲ್ಲಿ, ಶ್ರುತಿ ಏರುತ್ತೆ, ಟ್ಯೂನ್ ಮಾಡುವಾಗ ಟಿಣ್ ಅಂತ ಸದ್ದು ಅಂತ ಗೋಳಾಡ್ತಿದ್ದೀಯ. ಕಂಪನಿಯಿಂದ 45-105 ಸೆಟ್‌ನಲ್ಲಿ ಬಂದ ಬೇಸು ಅದು. ನೆಕ್ ತುದಿಯಲ್ಲಿ ತಂತಿ ಹಾದುಹೋಗೋ ಪಟ್ಟಿ ಇದೆಯಲ್ಲ, ನಟ್, ಅದರಲ್ಲಿರೋ ಕಚ್ಚುಗಳು ಆ ದಪ್ಪಕ್ಕೇ ಕೊರೆದಿದ್ದು. 45ರ ಜಾಗದಲ್ಲಿ 52 ಕೂರಿಸಿದರೆ ತಂತಿ ತಳ ಮುಟ್ಟದೆ ಮೇಲೇ ಸಿಕ್ಕಿಕೊಳ್ಳುತ್ತೆ. ಎತ್ತರ ಜಾಸ್ತಿ ಆಗಿದ್ದಕ್ಕೆ ಒತ್ತಿದಾಗ ಎಳೆತ ಹೆಚ್ಚಿ ಶ್ರುತಿ ಏರೋದು. ಟಿಣ್ ಅನ್ನೋದು ಕಚ್ಚಲ್ಲಿ ಸಿಕ್ಕಿಬಿದ್ದ ತಂತಿ ಜಾರೋ ಸದ್ದು. ನಟ್ ಫೈಲ್ ತಗೊಂಡು ಕಚ್ಚನ್ನ ತಂತಿಗಿಂತ ಕೂದಲೆಳೆ ಅಗಲ ಮಾಡು. ತಳವನ್ನ ಆಳ ಮಾಡೋ ಉತ್ಸಾಹ ಬೇಡ. ತಂತಿಯ ಅರ್ಧ ದಪ್ಪ ನಟ್‌ನಿಂದ ಮೇಲೆ ಕಾಣಬೇಕು. ಆಳ ಜಾಸ್ತಿ ಆದರೆ ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತೆ, ಆಮೇಲೆ ಹೊಸ ನಟ್ಟೇ ಗತಿ.

ಆಮೇಲೆ ಟ್ರಸ್ ರಾಡ್, ನೆಕ್ ಒಳಗಿನ ಲೋಹದ ಸರಳು. ದಪ್ಪ ತಂತಿ ಹೆಚ್ಚು ಎಳೆಯುತ್ತೆ, ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗುತ್ತೆ. ತಂತಿ ಪೂರ್ತಿ ಶ್ರುತಿಯಲ್ಲಿರುವಾಗಲೇ ಅಳೆ: ಮೊದಲ ಫ್ರೆಟ್‌ಗೆ ಕೇಪೋ (ತಂತಿ ಒತ್ತಿಹಿಡಿಯೋ ಕ್ಲಿಪ್), ಕೊನೇ ಫ್ರೆಟ್ ಮೇಲೆ ತಂತಿಯನ್ನ ಬೆರಳಲ್ಲಿ ಒತ್ತು, ಏಳು-ಎಂಟನೇ ಫ್ರೆಟ್ ಮೇಲೆ ಸಂದು ಎಷ್ಟಿದೆ ನೋಡು. 0.3 ಮಿಲಿಮೀಟರ್ ಆಸುಪಾಸು ಇದ್ದರೆ ಸಾಕು. ಜಾಸ್ತಿ ಇದ್ದರೆ ಅಲೆನ್ ಕೀ ಹಾಕಿ ಬಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ಶ್ರುತಿ ಮಾಡಿ ಒಂದು ರಾತ್ರಿ ಬಿಡು. ಮರ ತಡವಾಗಿ ಮಾತು ಕೇಳುತ್ತೆ. ಕೀ ಬಿಗಿಯಾಗಿ ನಿಂತುಬಿಟ್ಟರೆ ಬಲ ಹಾಕಬೇಡ, ರಿಪೇರಿಯವರ ಹತ್ತಿರ ತಗೊಂಡು ಹೋಗು. ಆಕ್ಷನ್ 17ನೇ ಫ್ರೆಟ್‌ನಲ್ಲಿ ನೋಡು: ದಪ್ಪನೆಯ ಇ ತಂತಿಗೆ ಸುಮಾರು 2.4 ಮಿಲಿಮೀಟರ್, ತೆಳ್ಳನೆಯ ಜಿಗೆ 2. ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಕೂರೋದು. 12ನೇ ಫ್ರೆಟ್‌ನ ಹಾರ್ಮೋನಿಕ್ಕಿಗಿಂತ (ತಂತಿಯನ್ನ ಒತ್ತದೆ ಬರೀ ಮುಟ್ಟಿ ನುಡಿಸೋ ಸ್ವರ) ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರೋ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕ್ರಮ ತಪ್ಪಿಸಬೇಡ. ನೆಕ್ ಸರಿಯಾಗದೆ ಸ್ಯಾಡಲ್ ಮುಟ್ಟಿದರೆ ಅದೇ ಕೆಲಸ ಎರಡು ಸಲ.

ಚಳಿಗಾಲಕ್ಕೆ ನಿಮ್ಮಲ್ಲಿ ಹೀಟರ್ ಹಾಕ್ತಾರಲ್ಲ, ಆಗ ಗಾಳಿ ಒಣಗಿ ಫ್ರೆಟ್‌ಬೋರ್ಡ್ ಕುಗ್ಗುತ್ತೆ, ಫ್ರೆಟ್ ತುದಿ ಕೈಗೆ ಚುಚ್ಚುತ್ತೆ. ಸಾಮಾನ್ಯವಾಗಿ ನೆಕ್ ನೆಟ್ಟಗಾಗಿ ಬಡಿತ ಶುರುವಾಗುತ್ತೆ. ನಮ್ಮ ಜುಲೈ ಮಳೆಯಲ್ಲಿ ಇದರ ಉಲ್ಟಾ. ಅಂದಾಜು ಬೇಡ, ಋತು ಬದಲಾದಾಗೆಲ್ಲ ಅಳೆ.

ಮೋಟೌನ್ ಸದ್ದು ಬೇಕಾದರೆ ತಂತಿ ಒಂದರಿಂದಲೇ ಬರಲ್ಲ. ಜೇಮರ್ಸನ್‌ನ 1962ರ ಪ್ರಿಸಿಷನ್‌ನಲ್ಲಿ (ಫೆಂಡರ್ ಕಂಪನಿಯ ಬೇಸ್, ನಿನ್ನದೂ ಅದೇ) ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮ್ ಇತ್ತು. ನಿನಗೆ ಪಾತ್ರೆ ತೊಳೆಯೋ ಸ್ಪಂಜು ಸಾಕು. ಹಸಿರು ಒರಟು ಪದರ ಕಿತ್ತುಹಾಕು, ಬೆರಳಗಲ ಪಟ್ಟಿ ಕತ್ತರಿಸು, ಬ್ರಿಡ್ಜ್ ಪಕ್ಕ ತಂತಿಗಳ ಅಡಿ ತೂರಿಸು. ತಂತಿಯನ್ನ ಮುಟ್ಟಬೇಕು, ಎತ್ತಬಾರದು. ಎತ್ತಿದರೆ ಮಾಡಿದ ಇಂಟೊನೇಷನ್ ಎಲ್ಲ ಹಾಳು. ಮತ್ತೆ ಬಲಗೈಯಲ್ಲಿ ತೋರುಬೆರಳು ಒಂದೇ. ಅವನು ಮೊದಲು ಅಪ್‌ರೈಟ್ (ನಿಲ್ಲಿಸಿ ನುಡಿಸೋ ದೊಡ್ಡ ಬೇಸ್) ನುಡಿಸುತ್ತಿದ್ದವನು, ಅಲ್ಲಿಂದ ಬಂದ ಅಭ್ಯಾಸ ಅದು. ಎರಡು ಬೆರಳಲ್ಲಿ ಎಷ್ಟೇ ಸಮ ನುಡಿಸಿದರೂ ಆ ತೂಕ ಬರಲ್ಲ. ತಂತಿ ಮುರಿಯೋ ತನಕ ಬದಲಾಯಿಸುತ್ತಿರಲಿಲ್ಲ ಅಂತ ಅವನ ಖ್ಯಾತಿ. ಇನ್ನೊಂದು ಕಡೆ ಐರನ್ ಮೇಡನ್ ಬ್ಯಾಂಡಿನ ನಮ್ಮ ಸ್ಟೀವ್ ಹ್ಯಾರಿಸ್. ಅವನದೂ ಪ್ರಿಸಿಷನ್, ಅವನದೂ ಫ್ಲಾಟ್‌ವೌಂಡ್, 50ರಿಂದ 110, ಆದರೆ ಹೊಸ ತಂತಿಯ ಝಣ ಝಣ ಬಿಟ್ಟು ಬದುಕಲ್ಲ. 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಅವನ ಬೇಸಿನ ಆ ಕುದುರೆ ಓಟದ ಲಯ ಊರಿಗೆಲ್ಲ ಕೇಳಿಸಿತ್ತಲ್ಲ, ಅದು ಫ್ಲಾಟ್‌ವೌಂಡ್ ಸದ್ದು ಅಂದರೆ ಈಗಲೂ ಎಷ್ಟೋ ಜನ ನಂಬಲ್ಲ. ನೀನು ಬಿಡು, ಕೆಂಪು ಬನಿಯನ್ ಒಂದೇ ನೋಡ್ತಿದ್ದೆ.

ಗುಂಯ್ ಸದ್ದಿನ ಬಗ್ಗೆ ಕೇಳಿದ್ದೆ. ಪ್ರಿಸಿಷನ್‌ನ ಸ್ಪ್ಲಿಟ್ ಪಿಕಪ್ (ತಂತಿಯ ಅದುರನ್ನ ಹಿಡಿಯೋ ಎರಡು ತುಂಡಿನ ಸುರುಳಿ) 1957ರಿಂದ ಇದೆ. ಅದರ ಎರಡು ತುಂಡು ಒಂದರ ಗುಂಯ್ ಇನ್ನೊಂದು ಹೊಡೆದುಹಾಕೋ ಹಾಗೆ ಸುತ್ತಿರುತ್ತಾರೆ. ಹಾಗಾಗಿ ಪಿಕಪ್ ಮೇಲೆ ಅನುಮಾನ ಕೊನೆಗಿರಲಿ. ತಂತಿ ಮುಟ್ಟಿದಾಗ ಸದ್ದು ಕಮ್ಮಿ ಆದರೆ ಬ್ರಿಡ್ಜ್ ಗ್ರೌಂಡ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಗುಂಯ್ ತಡೆಯೋ ಲೋಹದ ಹೊದಿಕೆ) ಸಾಲದು. ಮುಟ್ಟಿದಾಗ ಜಾಸ್ತಿ ಆದರೆ ಬ್ರಿಡ್ಜ್ ಕೆಳಗಿನ ವೈರ್ ಬಿಟ್ಟಿದೆ, ಇಲ್ಲವೇ ಜ್ಯಾಕ್‌ನಲ್ಲಿ ವೈರ್ ಅದಲು ಬದಲಾಗಿದೆ. ನಿಮ್ಮಲ್ಲಿ ಕರೆಂಟು 60 ಹರ್ಟ್ಸ್, ಅದರ ಗುಂಯ್ ಎ ಶಾರ್ಪ್ ಮತ್ತು ಬಿ ಸ್ವರಗಳ ನಡುವೆ ಬಿದ್ದು ಯಾರಿಗೂ ಸೇರದೆ ಕೂರುತ್ತೆ. ನಮ್ಮ 50 ಹರ್ಟ್ಸ್ ಇದೆಯಲ್ಲ, ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರದ 49 ಹರ್ಟ್ಸ್‌ಗೆ ಅಂಟಿಕೊಂಡಿದೆ. ವೈರಿಂಗ್ ಕೆಟ್ಟ ಛತ್ರದಲ್ಲಿ ಆ ಜಿ ಹಿಡಿದು ನಿಲ್ಲಿಸು, ಸೆಕೆಂಡಿಗೊಂದು ಸಲ ವಾಂವ್ ವಾಂವ್ ಅಂತ ಬೀಟ್ ಹೊಡೆಯುತ್ತೆ. ಬೇಸನ್ನ ಮಿಕ್ಸರಿಗೆ ಸೇರಿಸೋ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತೆ. ಆಂಪಿನ (ಆಂಪ್ಲಿಫೈಯರ್) ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದು ಗುಂಯ್ ನಿಲ್ಲಿಸೋ ಮಹಾನುಭಾವರು ಇದ್ದಾರೆ, ಅವರ ವೇದಿಕೆ ಹತ್ತಬೇಡ. ಒಂದು ಕೈ ತಂತಿ ಮೇಲಿದ್ದು ತುಟಿಗೆ ಮೈಕ್ ತಾಗಿದರೆ ಶಾಕ್ ಹೊಡೆದು ಹಾಡು ಅಲ್ಲೇ ಸಮಾಪ್ತಿ, ಕೆಲವು ಸಲ ಹಾಡೋರೂ.

ಛತ್ರದ ವಿಚಾರ ಬಂತು, ಇದನ್ನೂ ಹೇಳಿಬಿಡ್ತೀನಿ. ಖಾಲಿ ಇ ಅಂದರೆ 41.2 ಹರ್ಟ್ಸ್, ಅದರ ಅಲೆ ಎಂಟು ಮೀಟರಿಗಿಂತ ಉದ್ದ. ಅದು ಗೋಡೆಯಿಂದ ಗೋಡೆಗೆ ಹೋಗಿ ಬಂದು ಒಂದು ಮೂಲೆಯಲ್ಲಿ ಗುಡುಗುತ್ತೆ, ಇನ್ನೊಂದು ಕಡೆ ಮಾಯ. ಸೌಂಡ್‌ಚೆಕ್‌ನಲ್ಲಿ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಹೊಡೆಯೋದು) ಪ್ರದರ್ಶನ ಬಿಟ್ಟು ಇ ಯಿಂದ ಮೇಲಕ್ಕೆ ಒಂದೊಂದೇ ಸ್ವರ ನಿಧಾನ ನುಡಿಸು. ಯಾವ ಸ್ವರ ಉಬ್ಬುತ್ತೋ ಆ ಜಾಗ ಮೂರು-ನಾಲ್ಕು ಡಿಬಿ ಕತ್ತರಿಸೋಕೆ ಸೌಂಡಿನವರಿಗೆ ಹೇಳು. ಜೊತೆಗೆ 30-40 ಹರ್ಟ್ಸ್‌ಗೆ ಹೈ ಪಾಸ್, ಅಂದರೆ ಅದರ ಕೆಳಗಿನದನ್ನ ಸೋಸಿಹಾಕೋದು. ಏರಿದ ಸದ್ದನ್ನ ತಗ್ಗಿಸೋ ಕಂಪ್ರೆಸರ್ ಇದ್ದರೆ ಅಟ್ಯಾಕ್, ಅಂದರೆ ಅದು ಹಿಡಿಯೋ ಹೊತ್ತು, ತೀರಾ ವೇಗ ಬೇಡ. ಆ ಇ ತನ್ನ ಒಂದು ಸುತ್ತು ಮುಗಿಸೋಕೇ 24 ಮಿಲಿಸೆಕೆಂಡ್ ತಗೊಳ್ಳುತ್ತೆ, ನೀನು ಅದಕ್ಕೂ ಮುಂಚೆ ಕತ್ತು ಹಿಡಿದರೆ ಸ್ವರ ಹರಿದ ಬಟ್ಟೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಗಂಟಲಲ್ಲಿ ಉಳಿದಿದೆ.

ಈ 41 ಹರ್ಟ್ಸ್ ಯಾರಿಗೆ ಕೇಳಿಸುತ್ತೆ ಮಗಾ? ಆ ಆಳದಲ್ಲಿ ಸದ್ದು ಐವತ್ತು ಡಿಬಿ ದಾಟದ ಹೊರತು ಕಿವಿಗೆ ಗೊತ್ತೇ ಆಗಲ್ಲ. ಎಲ್ಲರೂ ಹಾಡು ಕೇಳೋದು ಫೋನಲ್ಲಿ. ಅದರ ಸ್ಪೀಕರ್ ಕೆಲವು ನೂರು ಹರ್ಟ್ಸ್ ಕೆಳಗೆ ಕೈ ಎತ್ತಿಬಿಡುತ್ತೆ. ಮೇಲಿನ ಹಾರ್ಮೋನಿಕ್ಕುಗಳನ್ನ ಕೇಳಿ ತಲೆಯೇ ಮೂಲ ಸ್ವರ ಕಟ್ಟಿಕೊಳ್ಳುತ್ತೆ. ಅದಕ್ಕೇ ಈಗ ರೆಕಾರ್ಡಿಂಗಲ್ಲಿ ಬೇಸ್‌ಗೆ ಸಣ್ಣ ಡ್ರೈವ್ (ಸದ್ದನ್ನ ತುಸು ಒಡೆದು ಮೇಲಿನ ಹಾರ್ಮೋನಿಕ್ ಹೆಚ್ಚಿಸೋದು) ಹಾಕ್ತಾರೆ, 700ರಿಂದ 1,000 ಹರ್ಟ್ಸ್ ನಡುವೆ ಸ್ವಲ್ಪ ಎತ್ತುತ್ತಾರೆ. ನಾನೂ ಹಾಕ್ತೀನಿ, ನನಗೂ ಗೊತ್ತು. ಬಹಳ ದಿನ ಫೋನನ್ನೇ ಬೈಕೊಂಡು ಆರಾಮಾಗಿದ್ದೆ. ಆದರೆ ನೀನು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಆ ಮನೆ ಮುಂದೆ ನಿಂತು ಫೋಟೋ ಕಳಿಸಿದೆಯಲ್ಲ, ಹಿಟ್ಸ್‌ವಿಲ್ ಯುಎಸ್‌ಎ ಬೋರ್ಡಿನ ಮೋಟೌನ್ ಸ್ಟುಡಿಯೋದು, ಅಲ್ಲಿಗೆ ಆ ನೆಪವೂ ಹೋಯ್ತು. ಆ ಮನೆಯವರು ಮಿಕ್ಸ್ ಮಾಡಿ ಕಾರ್ ರೇಡಿಯೋದಂಥ ಚಿಕ್ಕ ಸ್ಪೀಕರಲ್ಲಿ ಹಾಕಿ ನೋಡ್ತಿದ್ದರು. ಆ ಡಬ್ಬದಲ್ಲಿ ಎಲ್ಲಿತ್ತು ಮಗಾ 41 ಹರ್ಟ್ಸ್? ಆದರೂ ಜೇಮರ್ಸನ್ ಕೇಳಿಸಿದ. 1981ರ ಗೀತಾ ಹಾಡುಗಳನ್ನ ಊರಲ್ಲಿ ಟ್ರಾನ್ಸಿಸ್ಟರಲ್ಲಿ ಕೇಳಿದವರೂ ಇಳಯರಾಜ ಬರೆದ ಬೇಸ್ ಸಾಲನ್ನ ಗುನುಗಿದ್ದಾರೆ, ಅದಕ್ಕೆ ಬೇಸ್ ಅಂತಾರೆ ಅಂತ ಗೊತ್ತಿಲ್ಲದೇನೇ. ಆ ಸಾಲು ಒಂದು ಕಡೆ ನಿಲ್ಲಲ್ಲ, ಹಾಡಿನ ಜೊತೆ ತಾನೂ ಮಾತಾಡ್ತಾ ಓಡಾಡುತ್ತೆ. ನುಡಿಸಿದವರ ಹೆಸರು ಕ್ಯಾಸೆಟ್ ಕವರ್ ಮೇಲೆ ಇರುತ್ತಿರಲಿಲ್ಲ. ಜೇಮರ್ಸನ್ ಹೆಸರು ಮೋಟೌನ್ ಕವರ್ ಮೇಲೆ ಬಂದಿದ್ದೇ 1971ರಲ್ಲಿ. 1983ರಲ್ಲಿ ಕಂಪನಿಯ 25ನೇ ವರ್ಷದ ಸಂಭ್ರಮ ನಡೆದಾಗ ಆತ ಟಿಕೆಟ್ ಕೊಂಡು ಪ್ರೇಕ್ಷಕರ ಜೊತೆ ಕೂತು ನೋಡಿದನಂತೆ. ಅದೇ ಆಗಸ್ಟ್‌ನಲ್ಲಿ ಹೋಗಿಬಿಟ್ಟ.

ಮೊನ್ನೆ ಗಣೇಶನ ಪೆಂಡಾಲಲ್ಲಿ ಒಂದು ಆರ್ಕೆಸ್ಟ್ರಾ. ಬೇಸ್ ಆಸಾಮಿಯೇ ಇಲ್ಲ. ಲ್ಯಾಪ್‌ಟಾಪಿನಿಂದ ಟ್ರ್ಯಾಕ್, ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್. ಈಗ ಇದೇ ನಡೀತಿರೋದು. ಐದು ಜನರ ಜಾಗದಲ್ಲಿ ನಾಲ್ಕು, ಒಬ್ಬರ ಸಂಭಾವನೆ, ಊಟ, ಗಾಡಿ ಬಾಡಿಗೆ ಉಳಿತಾಯ. ಟ್ರ್ಯಾಕಿಗೆ ಒಂದೇ ದೌರ್ಬಲ್ಯ ಅಂತ ನಾವು ಹೇಳ್ಕೊಂಡು ತಿರುಗ್ತೀವಲ್ಲ: ಹಾಡೋರು ಪಲ್ಲವಿ ಇನ್ನೊಂದು ಸಲ ತಗೊಂಡರೆ, ಚರಣ ಮರೆತು ಹಾರಿದರೆ ಅದು ಕಾಯಲ್ಲ, ತನ್ನ ಪಾಡಿಗೆ ಹೋಗುತ್ತೆ, ಮನುಷ್ಯನಾದರೆ ಕಣ್ಣು ನೋಡಿ ತಿರುಗ್ತಾನೆ. ನಾನು ಸ್ಪೀಕರ್ ಪಕ್ಕದಲ್ಲೇ ನಿಂತು ಅದಕ್ಕೇ ಕಾಯ್ತಿದ್ದೆ ಕಣೋ. ಆ ಹುಡುಗಿ ಚರಣ ಮರೀಲಿ, ವೇದಿಕೆ ಮೇಲೆ ಎಲ್ಲ ಕೆಡಲಿ ಅಂತ. ಗಣೇಶನ ಮುಂದೆ ನಿಂತು ಬೇಡಿದ ವರ ಅದು. ಆಕೆ ಮರೀಲಿಲ್ಲ. ಹಾಡು ಚೆನ್ನಾಗಿತ್ತು. ಬೇಸ್ ಕೂಡ ಚೆನ್ನಾಗಿತ್ತು, ನನ್ನ ಕಾಲು ತಾಳ ಹಾಕ್ತಿತ್ತು.

ನಾವು ಬೇಸ್ ಹಿಡಿದಿದ್ದೇ ಹಿಂದೆ, ಡ್ರಮ್ಮಿನ ಪಕ್ಕ, ಲೈಟ್ ಬೀಳದ ಕಡೆ ನಿಲ್ಲೋಕೆ. ಅಲ್ಲಿ ನಿಂತು ನಾವಿಲ್ಲದೆ ಏನೂ ನಡೆಯಲ್ಲ ಅಂತ ನಂಬಿಕೊಂಡು ಇಷ್ಟು ವರ್ಷ ಕಳೆದೆವು. ಫೋನಲ್ಲಿ ಕೇಳಿಸದಿದ್ದರೆ ಡ್ರೈವ್ ಹಾಕಬಹುದು. ಕೇಳಿಸಿಯೂ ಯಾರ ಬೆರಳು ಅಂತ ಯಾರಿಗೂ ಬೇಕಿಲ್ಲದಿದ್ದರೆ ಅದಕ್ಕೆ ಯಾವ ಪೆಡಲ್ ಇದೆ ಹೇಳು? ಈಚೆಗೆ ಗಿಗ್ ಮುಗಿದ ಮೇಲೆ ಕೇಬಲ್ ಸುತ್ತೋದನ್ನ ಬೇಕಂತಲೇ ನಿಧಾನ ಮಾಡ್ತೀನಿ. ಯಾರಾದರೂ ಬಂದು ಬೇಸ್ ಚೆನ್ನಾಗಿತ್ತು ಅನ್ನಬಹುದು ಅಂತ. ಬರೋರು ಗಿಟಾರಿಸ್ಟ್ ಎಲ್ಲಿ ಅಂತ ಕೇಳ್ತಾರೆ.

ಸಾಕಪ್ಪಾ, ಇದನ್ನ ಅಳಿಸಬೇಕಿತ್ತು. ಬಿಡು, ಕೇಬಲ್ ಮಾತ್ರ ಈಗ ಬಹಳ ನೀಟಾಗಿ ಸುತ್ತಿಟ್ಟಿರ್ತೀನಿ, ಪುಳಿಯೋಗರೆ ಅಂಟಿರೋ ಆ ಒಂದನ್ನ ಬಿಟ್ಟು. ನನ್ನನ್ನ ಜೇಮರ್ಸನ್‌ಗೆ ಹೋಲಿಸಿಕೊಂಡೆ ಅಂತ ಯಾರೂ ಕಮೆಂಟ್ ಹಾಕಬೇಡಿ. ಆತನ ಒಂದು ಬೆರಳಿಗೆ ನನ್ನ ಹತ್ತೂ ಸಾಲಲ್ಲ. ಮೇಲಾಗಿ ನನ್ನ ಆಂಪಿನ ಇಎಂಐ ಇನ್ನೂ ತೀರಿಲ್ಲ, ಅದು ತೀರೋ ತನಕ ಕಲೆಯಿಂದ ನಿವೃತ್ತಿ ಸಾಧ್ಯವಿಲ್ಲ.

ಹಳೇ ಮ್ಯಾಗಜೀನ್ ಕಟ್ಟು ಇನ್ನೂ ಇದೆಯಾ ಅಂತ ಕೇಳಿದ್ದೆ. ಇದೆ. ರಾಕ್ ಸ್ಟ್ರೀಟ್ ಜರ್ನಲ್ ಅಷ್ಟೂ ಸಂಚಿಕೆ ಜೋಪಾನ. 1993ರಲ್ಲಿ ಅಲಹಾಬಾದಿನಿಂದ ಅಂಥ ಪತ್ರಿಕೆ ಶುರು ಮಾಡೋಕೆ ಎಂಥ ಹುಚ್ಚಿರಬೇಕು ಅಂತ ಈಗ ತಿರುವಿದಾಗಲೂ ಅನ್ನಿಸುತ್ತೆ. ಅಮೆರಿಕದ ಬೇಸ್ ಪ್ಲೇಯರ್ ಪತ್ರಿಕೆಯ ಜೆರಾಕ್ಸ್‌ಗಳಲ್ಲಿ ನಾವು ಟ್ಯಾಬ್ (ಯಾವ ಫ್ರೆಟ್ ಒತ್ತಬೇಕು ಅಂತ ತೋರಿಸೋ ಲಿಪಿ) ಪುಟ ಬಿಟ್ಟು ಜಾಹೀರಾತನ್ನೇ ಹೆಚ್ಚು ಓದಿದ್ದು ಅಂತ ಅಂಚಿನ ಎಣ್ಣೆ ಗುರುತು ಹೇಳ್ತಿದೆ. ಬೇಸಿಸ್ಟ್ ಜಾಕೋ ಪಾಸ್ಟೋರಿಯಸ್ ತನ್ನ ಬೇಸಿನ ಫ್ರೆಟ್ ಕಿತ್ತು ದೋಣಿಗೆ ಬಳಿಯೋ ಎಪಾಕ್ಸಿ ಹಚ್ಚಿದ ಕಥೆ ಇರೋ ಪುಟ ಮಾತ್ರ ಕಾಣ್ತಿಲ್ಲ. ಅದು ನಿನ್ನ ಹತ್ತಿರ ಇದೆ ಅಂತ ನನಗೂ ಗೊತ್ತು, ನಿನಗೂ ಗೊತ್ತು. ನಿನ್ನ ಪ್ರಿಸಿಷನ್ ಮೇಲೆ ಆ ಪ್ರಯೋಗ ಮಾಡಿದೆಯೋ, ಮಾತು ಬಂದ್.

ಡಿಸೆಂಬರಲ್ಲಿ ಬರುವಾಗ ಅಲ್ಲಿಯ ಆಂಪ್ ಹೊತ್ತು ತರಬೇಡ. ಅದು 120 ವೋಲ್ಟಿನದು, ಹಿಂದೆ 230ರ ಸ್ವಿಚ್ ಇಲ್ಲದಿದ್ದರೆ ಇಲ್ಲಿ ಹಾಕಿದ ತಕ್ಷಣ ಹೊಗೆ. ಅದರ ಬದಲು ನಿಕ್ಕಲ್ ರೌಂಡ್‌ವೌಂಡ್ (ಮೈ ಒರಟಾದ ತಂತಿ) 45-105 ಎರಡು ಸೆಟ್ ತಾ, ಲಾಂಗ್ ಸ್ಕೇಲ್ ಅಂತ ನೋಡಿ ತಗೋ, 34 ಇಂಚಿನದು. ಹಾಕುವಾಗ ಟ್ಯೂನಿಂಗ್ ಕೀಲಿಯಿಂದ ನಾಲ್ಕು ಇಂಚು ಆಚೆ ತಂತಿಯನ್ನ ಮೊದಲು ಲಂಬವಾಗಿ ಬಗ್ಗಿಸಿ ಆಮೇಲೆ ಕತ್ತರಿಸು ಅಂತ ಎಷ್ಟು ಸಲ ಹೇಳಿದ್ದೀನಿ, ಬಗ್ಗಿಸದೆ ಕತ್ತರಿಸಿದರೆ ಮೇಲಿನ ಸುತ್ತು ಸಡಿಲಾಗಿ ತಂತಿ ಹುಟ್ಟಿದ ದಿನವೇ ಸಾಯುತ್ತೆ. ದುಡ್ಡು ಇಲ್ಲಿ ಬಂದಮೇಲೆ ಕೊಡ್ತೀನಿ. ಅಂದರೆ, ನಿನಗೆ ಗೊತ್ತಲ್ಲ.

ನಿನ್ನ,
ಮೂಲೆ ಮಾದ