ಆಯ್ಕೆ ಸಮಿತಿಯಲ್ಲಿ ಕೂರಲಿರುವ ಮಗಳಿಗೆ

ಧಾರವಾಡ

ಚಿ. ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಅವ್ವನ ಮಂಡಿನೋವು ಮಾತ್ರ ಈ ಮಳೆಗೆ ಮತ್ತೆ ಹೆಚ್ಚಾಗಿದೆ. ಆಕೆ ಹೇಳಿಕೊಳ್ಳುವವಳಲ್ಲ, ಫೋನು ಮಾಡಿದಾಗ ನೀನಾಗಿಯೇ ಕೇಳು.

ಬ್ರಿಟನ್ನಿನ ನಿಮ್ಮ ವಿಶ್ವವಿದ್ಯಾಲಯದ ವಿಭಾಗಕ್ಕೆ ಅಭಿವೃದ್ಧಿಯ ರಾಜಕೀಯ ಅರ್ಥಶಾಸ್ತ್ರ ಕಲಿಸುವ ಲೆಕ್ಚರರ್ ಬೇಕಾಗಿದ್ದಾರೆ, ಆಯ್ಕೆ ಸಮಿತಿಯಲ್ಲಿ ನಿನ್ನನ್ನೂ ಸೇರಿಸಿದ್ದಾರೆ ಎಂದು ಓದಿ ಸಂತೋಷವಾಯಿತು. ಸಂದರ್ಶನದಲ್ಲಿ ಏನೇನು ಕೇಳಬೇಕು ಎಂದು ವಿಚಾರಿಸಿದ್ದೀಯ. ಅದಕ್ಕಿಂತ ಮೊದಲು ನನಗೊಂದು ಉತ್ತರ ಬೇಕು: ಜಾಹೀರಾತಿನ ಕರಡು ಯಾರ ಕೈಯಲ್ಲಿದೆ? ಆಯ್ಕೆ ಸಂದರ್ಶನದ ದಿನ ನಡೆಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಆಯ್ಕೆ ಅರ್ಹತೆಗಳ ಪಟ್ಟಿ ಬರೆದ ದಿನವೇ ಮುಗಿದಿರುತ್ತದೆ.

ನಿಮ್ಮಲ್ಲಿ ಆ ಪಟ್ಟಿಯಲ್ಲಿ ಎರಡು ಭಾಗಗಳಿರುತ್ತವೆ. ಒಂದು ಕಡ್ಡಾಯವಾಗಿ ಬೇಕಾದದ್ದು, ಇನ್ನೊಂದು ಇದ್ದರೆ ಒಳ್ಳೆಯದು ಎನ್ನುವಂಥದ್ದು. ಅರ್ಜಿಗಳನ್ನು ಆ ಸಾಲುಗಳಿಗೇ ಹೊಂದಿಸಿ ಅಂಕ ಹಾಕುತ್ತೀರಿ. ಹಾಗಾಗಿ ಯಾವ ಮಾತು ಯಾವ ಭಾಗದಲ್ಲಿ ಬೀಳುತ್ತದೆ ಎಂಬುದೇ ನಿಜವಾದ ಜಗಳ. 'ಉನ್ನತ ಶ್ರೇಣಿಯ ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟಣೆ' ಎಂದು ಕಡ್ಡಾಯದ ಭಾಗದಲ್ಲಿ ಬರೆದಿರೋ, ಲುಸಾಕಾದಲ್ಲಿಯೋ ಢಾಕಾದಲ್ಲಿಯೋ ಕುಳಿತು ಹತ್ತು ವರ್ಷ ಹೊಲಗದ್ದೆ ತಿರುಗಿದವರ ಅರ್ಜಿ ಮೊದಲ ಸುತ್ತಿನಲ್ಲೇ ಬದಿಗೆ ಹೋಗುತ್ತದೆ. ಆಮೇಲೆ ಸಂದರ್ಶನದಲ್ಲಿ ನೀನು ಎಷ್ಟು ನ್ಯಾಯವಾಗಿ ನಡೆದುಕೊಂಡರೂ ಅವರು ನಿನ್ನ ಎದುರಿಗೆ ಬರುವುದೇ ಇಲ್ಲ.

ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ತೂಗುವ 2029ರ ಮೌಲ್ಯಮಾಪನ ನಿಮ್ಮ ತಲೆಯ ಮೇಲೆ ಕುಳಿತಿದೆ, ಅದರಿಂದ ವಿಭಾಗಕ್ಕೆ ಹಣ ಬರುತ್ತದೆ ಎಂಬುದು ನನಗೂ ಗೊತ್ತು. ಆದರೆ ಪತ್ರಿಕೆಯ ಹೆಸರು ನೋಡಿ ಲೇಖನದ ಬೆಲೆ ಕಟ್ಟಬಾರದು ಎಂಬ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಗೆ ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. 2012ರ ಕೊನೆಯಲ್ಲಿ ರೂಪುಗೊಂಡದ್ದು ಅದು. ನಿಮ್ಮದೂ ಸಹಿ ಹಾಕಿದೆಯೇ ನೋಡು. ಹಾಕಿದ್ದರೆ ಸಭೆಯಲ್ಲಿ ಆ ಕಾಗದವನ್ನು ಮೇಜಿನ ಮೇಲಿಡು. ಹಿರಿಯರ ಜೊತೆ ವಾದಿಸುವುದಕ್ಕಿಂತ ಅವರೇ ಒಪ್ಪಿದ ಕಾಗದವನ್ನು ಓದಿ ಹೇಳುವುದು ಸುಲಭ.

ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರನ್ನು ನೆನೆಸಿಕೋ. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ಹುಟ್ಟಿದ ಹುಡುಗನಿಗೆ ಎಂಜಿನಿಯರ್ ಆಗುವ ಆಸೆಯಿತ್ತು. ಕಪ್ಪು ಎಂಜಿನಿಯರಿಗೆ ಸರ್ಕಾರವೂ ಬಿಳಿಯರ ಕಂಪನಿಗಳೂ ಕೆಲಸ ಕೊಡುವುದಿಲ್ಲವೆಂದು ವಾಣಿಜ್ಯಶಾಸ್ತ್ರ ಓದಿದರು. 1938ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅವರನ್ನು ಸಹಾಯಕ ಲೆಕ್ಚರರ್ ಆಗಿ ತೆಗೆದುಕೊಂಡಿತು. 1948ರಲ್ಲಿ ಮ್ಯಾಂಚೆಸ್ಟರ್ ಪ್ರೊಫೆಸರ್ ಹುದ್ದೆ ಕೊಟ್ಟಾಗ ಅವರಿಗೆ 33 ವರ್ಷ. ಅಲ್ಲಿಯವರೆಗೆ ಅವರ ಕೆಲಸ ಹೆಚ್ಚಾಗಿ ಕೈಗಾರಿಕಾ ಅರ್ಥಶಾಸ್ತ್ರದಲ್ಲಿ. ಅಭಿವೃದ್ಧಿಯ ಪ್ರಶ್ನೆಯನ್ನು ಕ್ರಮವಾಗಿ ಕೈಗೆತ್ತಿಕೊಂಡದ್ದೇ 1950ರ ಸುಮಾರಿಗೆ. ಅಪಾರ ಶ್ರಮಿಕರಿರುವ ದೇಶ ಹೇಗೆ ಬೆಳೆಯುತ್ತದೆ ಎಂಬ ಲೇಖನ ಬಂದದ್ದು 1954ರಲ್ಲಿ, ನೊಬೆಲ್ 1979ರಲ್ಲಿ. 'ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಸಿದ್ಧ ಪರಿಣತಿ' ಎಂದು ಆಗ ಯಾರಾದರೂ ಕಡ್ಡಾಯ ಮಾಡಿದ್ದರೆ ಈ ಶಾಸ್ತ್ರದ ಬುನಾದಿ ಹಾಕಿದವರಲ್ಲೊಬ್ಬರಿಗೇ ಶಾರ್ಟ್‌ಲಿಸ್ಟಿನಲ್ಲಿ ಜಾಗ ಸಿಗುವುದು ಅನುಮಾನವಿತ್ತು.

ನಮ್ಮ ಕಡೆಯದು ಮೇಲೆಂದು ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌.ಡಿ.ಗೆ 30 ಅಂಕ, ಪ್ರಕಟವಾದ ಒಂದೊಂದು ಸಂಶೋಧನಾ ಲೇಖನಕ್ಕೆ 2, ಅದೂ 10ಕ್ಕೆ ಮೀರದಂತೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಆ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕಷ್ಟೇ. ಆಯ್ಕೆ ಮಾತ್ರ ಸಂದರ್ಶನದ ಮೇಲೆಯೇ. ಮುಚ್ಚಿದ ಕೋಣೆಯಲ್ಲಿ ಏನು ನಡೆಯಬಹುದೋ ಅದು ನಡೆಯುತ್ತದೆ. ಒಂದು ಕಡೆ, ಊರು ಬೇಡ, ಆಯ್ಕೆ ಸಮಿತಿಯ ಸದಸ್ಯನಾಗಿ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಆಯ್ಕೆಯಾದವರ ಹೆಸರಿನ ಚೀಟಿ ಚಹಾದ ಜೊತೆಗೆ ಬಂದಿತ್ತು. ಭಿನ್ನಾಭಿಪ್ರಾಯ ಬರೆದು ಸಹಿ ಮಾಡಿ ಎದ್ದು ಬಂದೆ. ಆ ಮೇಲೆ ಅಲ್ಲಿಂದ ಕರೆ ಬರಲಿಲ್ಲ. ಪ್ರಯಾಣದ ಶ್ರಮ ಉಳಿಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸಿದ್ಧಾಂತಿಗಳ ಹೆಸರು ಕೇಳಬೇಡ, ಅವು ಎಲ್ಲರಿಗೂ ಬಾಯಿಪಾಠವಾಗಿರುತ್ತವೆ. ನಾನು ಇಲ್ಲಿ ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ಸಮಿತಿಯ ವರದಿ ಹಿಡಿದು ಕೇಳುತ್ತಿದ್ದೆ. 2002ರಲ್ಲಿ ಆ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಬಹುತೇಕ ಅಭ್ಯರ್ಥಿಗಳು ಸೂಚ್ಯಂಕ ಹೇಗೆ ಕಟ್ಟಿದರು ಎಂದು ವಿವರಿಸಿ ನಿಲ್ಲಿಸುತ್ತಿದ್ದರು. ತಾಲ್ಲೂಕಿಗೆ ಬಂದ ದುಡ್ಡಿನ ಕಾಮಗಾರಿ ಯಾವ ಊರಿಗೆ ಎಂದು ತೀರ್ಮಾನಿಸುವವರು ಯಾರು, ಗುತ್ತಿಗೆದಾರ ಯಾರ ನೆಂಟ, ಕಾಲುವೆಯ ತುದಿಯ ಹೊಲ ಯಾರದು ಎಂದು ಕೆಲವೇ ಮಂದಿ ಮುಂದುವರಿಯುತ್ತಿದ್ದರು. ಎರಡನೆಯವರೇ ರಾಜಕೀಯ ಅರ್ಥಶಾಸ್ತ್ರದವರು. ಮೊದಲನೆಯವರೂ ಒಳ್ಳೆಯ ಮೇಷ್ಟ್ರಾಗಬಹುದು, ಆದರೆ ನಿಮಗೆ ಬೇಕಾದ ಹುದ್ದೆಗಲ್ಲ. ನಿನ್ನೆದುರು ಘಾನಾದ ಕೋಕೋ ಬಗ್ಗೆ ಮಾತನಾಡುವವರು ಬಂದರೆ, ರೈತನ ಬೆಲೆಯನ್ನು ಸರ್ಕಾರಿ ಮಂಡಳಿ ನಿಗದಿ ಮಾಡುತ್ತದೆ ಎಂದಷ್ಟಕ್ಕೇ ಬಿಡಬೇಡ. ಆ ಬೆಲೆಯಿಂದ ಯಾರ ಕೈ ಬಲವಾಗುತ್ತದೆ ಎಂದು ಕೇಳು. ನಿನಗೆ ಗೊತ್ತಿಲ್ಲದ ದೇಶವಾದರೂ ಉತ್ತರದಲ್ಲಿ ಜೀವವಿದೆಯೇ ಎಂಬುದು ತಿಳಿಯುತ್ತದೆ.

ಅಭ್ಯರ್ಥಿಗಳು ಪಾಠ ಮಾಡಿ ತೋರಿಸುವಾಗ ಸ್ಲೈಡುಗಳ ಚೆಂದಕ್ಕೆ ಮರುಳಾಗಬೇಡ. ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡು. ಘಾನಾದ ಅಕ್ರಾದಿಂದ ಆನ್‌ಲೈನ್‌ನಲ್ಲಿ ಬರುವವರಿಗೆ ಸಂಪರ್ಕ ಕಡಿದರೆ ಕಳೆದ ಸಮಯವನ್ನು ಮತ್ತೆ ಕೊಡಿಸು. ವೀಸಾ ಪ್ರಾಯೋಜನೆ ಸಿಗುತ್ತದೆಯೇ ಎಂಬುದು ಜಾಹೀರಾತಿನಲ್ಲೇ ಸ್ಪಷ್ಟವಾಗಿರಲಿ. ಹುದ್ದೆ ಖಾಯಂ ಅಲ್ಲದಿದ್ದರೆ ಯಾಕೆಂದು ಕೇಳು. ನಮ್ಮ ಅತಿಥಿ ಉಪನ್ಯಾಸಕರ ಪಾಡನ್ನು ನೀನು ಮನೆಯಲ್ಲಿಯೇ ನೋಡಿದ್ದೀಯ, ನಿನ್ನಣ್ಣನನ್ನು ಕೇಳಿದರೆ ಇಡೀ ರಾತ್ರಿ ಹೇಳುತ್ತಾನೆ.

ಸಮಿತಿಯಲ್ಲಿ ಬಿಳಿಯರಲ್ಲದವರೂ ಇದ್ದಾರೆಂದು ತೋರಿಸಲಷ್ಟೇ ನಿನ್ನನ್ನು ಹಾಕಿದ್ದಾರೆಂಬ ಅನುಮಾನ ನಿನಗಿರಬಹುದು. ಇದ್ದರೂ ಇರಲಿ. ಕುರ್ಚಿ ಸಿಕ್ಕಿದೆ, ಕರಡಿನ ಸಭೆಗೂ ಹೋಗು.

ಕೊನೆಗೊಂದು ವಿಷಯ. ನಿನ್ನೆ ಸಂಜೆ ಪರಿಚಯದವರೊಬ್ಬರು ಮನೆಗೆ ಬಂದಿದ್ದರು. ಅವರ ಮಗನೂ ಈ ಹುದ್ದೆಗೆ ಅರ್ಜಿ ಹಾಕುತ್ತಾನಂತೆ, ನಿನಗೊಂದು ಮಾತು ಹೇಳಬೇಕಂತೆ. ವಶೀಲಿ ಸಮುದ್ರ ದಾಟುವುದಿಲ್ಲ ಎಂದು ಹೇಳಿ ಚಹಾ ಕೊಟ್ಟು ಕಳುಹಿಸಿದೆ. ಅವರಿಗೆ ಬೇಸರವಾಗಿದೆ. ಹುಡುಗ ಬುದ್ಧಿವಂತನೆಂದು ಕೇಳಿದ್ದೇನೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ನಮ್ಮ ಕಡೆಯ ಅರ್ಜಿ ಕಂಡು ಪರಿಚಯದವರು ಎಂದು ತಿಳಿದರೆ ಅಧ್ಯಕ್ಷರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಆ ಅರ್ಜಿಗೆ ಅಂಕ ಹಾಕುವುದರಿಂದ ಹೊರಗುಳಿ.

ಜಾಹೀರಾತು ಪ್ರಕಟವಾದ ಮೇಲೆ ನನಗೂ ಕಳುಹಿಸು, ಓದುತ್ತೇನೆ.

ಇಂತು ನಿನ್ನ ಹಿತ ಬಯಸುವ,
ಕಾಕಾ