ಶುಗರ್ ಇದ್ದರೆ ಪಿಆರ್ ಇಲ್ಲವೇ?

ಮಾನ್ಯ ಸಂಪಾದಕರೇ,

ಶುಗರ್, ಥೈರಾಯ್ಡ್ ಇದ್ದವರಿಗೆ ಕೆನಡಾದ ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಗುವುದಿಲ್ಲ ಎಂಬ ಮಾತು ಮುಂಬಯಿ ಹತ್ತಿರದ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರಲ್ಲಿ ಬೇರೂರಿಬಿಟ್ಟಿದೆ. ಅಲ್ಲಿ ನೋಡುವುದು ಕಾಯಿಲೆಯ ಹೆಸರನ್ನಲ್ಲ, ಅದರಿಂದ ಸರ್ಕಾರಕ್ಕೆ ಬೀಳುವ ಖರ್ಚನ್ನು. 2025ರಲ್ಲಿ ಅದರ ಮಿತಿ ವರ್ಷಕ್ಕೆ 27,162 ಕೆನಡಾ ಡಾಲರ್ ಇತ್ತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಬೆಲೆ ಇದರ ಹತ್ತಿರಕ್ಕೂ ಸುಳಿಯದು. ಡಯಾಲಿಸಿಸ್ ಮಾತು ಬೇರೆ. ‘ಖರ್ಚು ನಾವೇ ಕೊಡುತ್ತೇವೆ’ ಎಂದು ಬರೆದುಕೊಟ್ಟರೂ ನಡೆಯದು. ಆ ಚಿಕಿತ್ಸೆ ಅಲ್ಲಿ ಸರ್ಕಾರಿ ವಿಮೆಯಲ್ಲೇ ಬರುತ್ತದೆ.

ಹೆಚ್ಚಿನವರು ಎಡವುವುದು ಕಾಗದಪತ್ರದಲ್ಲಿ. ತಪಾಸಣೆಯನ್ನು ಕೆನಡಾ ಗೊತ್ತುಮಾಡಿದ ಪ್ಯಾನಲ್ ವೈದ್ಯರೇ ಮಾಡಬೇಕು. ಹೋಗುವಾಗ ನಿಮ್ಮ ಡಾಕ್ಟರ ಪತ್ರ ಕೈಯಲ್ಲಿರಲಿ: ಕಾಯಿಲೆ ಯಾವ ವರ್ಷದಿಂದ, ಔಷಧದ ಜೆನೆರಿಕ್ ಹೆಸರು (ಬ್ರಾಂಡಲ್ಲ, ಮೂಲ ಔಷಧದ ಹೆಸರು), ಎಷ್ಟು ಮಿಲಿಗ್ರಾಂ, ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ). ‘ಶುಗರ್ ಕಂಟ್ರೋಲ್‌ನಲ್ಲಿದೆ’ ಎಂಬ ಒಂದು ಸಾಲಿನ ಚೀಟಿ ಒಯ್ದರೆ ಮತ್ತೆ ರಿಪೋರ್ಟು ಕೇಳುತ್ತಾರೆ, ಫೈಲು ಅಲ್ಲೇ ಕೂರುತ್ತದೆ. ಮಾಡಿಸಿದ ತಪಾಸಣೆ ಊರ್ಜಿತವಾಗಿರುವುದೋ ಬರೀ 12 ತಿಂಗಳು.

ಜೊತೆಗೆ ಹೋಗದ ಹೆಂಡತಿ, ಮಕ್ಕಳಿಗೂ ತಪಾಸಣೆ ಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಕಾಯಿಲೆ ‘ಬರೆಯಲೇಬೇಡಿ’ ಎನ್ನುವ ಏಜೆಂಟರೂ ಇದ್ದಾರೆ, ಪುಣ್ಯಾತ್ಮರು! ಸುಳ್ಳು ಸಿಕ್ಕಿಬಿದ್ದರೆ 5 ವರ್ಷ ಬಾಗಿಲು ಬಂದ್.

ಖರ್ಚು ಮಿತಿ ಮೀರುತ್ತದೆಂಬ ಪತ್ರ ಬಂದರೆ ಗಾಬರಿ ಬೇಡ, ಅದು ತಿರಸ್ಕಾರವಲ್ಲ. ಉತ್ತರಕ್ಕೆ 90 ದಿನ ಸಿಗುತ್ತದೆ. ದುಬಾರಿ ಬ್ರಾಂಡಿನ ಬದಲು ಅಗ್ಗದ ಜೆನೆರಿಕ್ ಸಾಕೆಂದು ತಜ್ಞರಿಂದ ಬರೆಸಿ, ಅಲ್ಲಿನ ಬೆಲೆಯ ಲೆಕ್ಕದೊಂದಿಗೆ ಕಳಿಸಬಹುದು. ಇಲ್ಲಿನ ಮೆಡಿಕಲ್ ಅಂಗಡಿಯ ಬಿಲ್ಲು ಅದಕ್ಕೆ ಪ್ರಯೋಜನವಿಲ್ಲ.

— ಓದುಗರು, ಡೊಂಬಿವಲಿ